ಭದ್ರಾವತಿಯ ಕುಲುಮೆ ಆರದಿರಲಿ: ಮಹಾಜನರಲ್ಲಿ ವಿಜ್ಞಾಪನೆ



ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯು ಇಂದಿನ ನಗರವಾಗಿ ಬೆಳೆದುದು ತಾನಾಗಿ ಅಲ್ಲ, ಕಬ್ಬಿಣದ ಕಾರ್ಖಾನೆಯೊಂದನ್ನು ಇಲ್ಲಿ ಸ್ಥಾಪಿಸಲು 1918ರಲ್ಲಿ ಮೈಸೂರು ಸಂಸ್ಥಾನವು ವಿಚಾರಪೂರ್ವಕವಾಗಿ ಕೈಗೊಂಡ ನಿರ್ಧಾರದಿಂದ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರೆಯ ನೀರು, ಇವನ್ನು ಒಂದೆಡೆ ಕೂಡಿಸಿ 1923ರಲ್ಲಿ ಕುಲುಮೆಯನ್ನು ಹೊತ್ತಿಸುವ ವೇಳೆಗೆ, ಯುದ್ಧಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆಯು ಕುಸಿದುಹೋಗಿತ್ತು. ಜಮಾಖರ್ಚೊಂದನ್ನೇ ಪ್ರಮಾಣವೆಂದು ಗ್ರಹಿಸಿದ್ದರೆ ಕಾರ್ಖಾನೆಯನ್ನು ಆಗಲೇ ಮುಚ್ಚಬೇಕಾಗಿತ್ತು. ಆದರೆ ದಿವಾನಪದವಿಯನ್ನು ತ್ಯಜಿಸಿದ್ದ ವಿಶ್ವೇಶ್ವರಯ್ಯನವರಿಗೆ ಆಡಳಿತವನ್ನೊಪ್ಪಿಸಿ, ವೆಚ್ಚವನ್ನು ತಗ್ಗಿಸಿ, ಸಂಸ್ಥಾನವು ತಾಳ್ಮೆಯಿಂದ ಕಾದಿತು. ಅದೇ ಊರಿನಲ್ಲಿ ಬಳಿಕ ಉಕ್ಕು, ಸಿಮೆಂಟು, ಕಾಗದಗಳ ಉದ್ಯಮಗಳು ತಲೆಯೆತ್ತಿದುವು.

ಅಂಥ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿ, 1998ರಲ್ಲಿ ಅದರೊಳಗೆ ವಿಲೀನವಾಗಿ, ದೂರದ ದಿಲ್ಲಿಯ ಲೆಕ್ಕದಲ್ಲಿ ಒಂದು ಕಿರಿಯ ಘಟಕವಾಗಿಹೋಯಿತು. ಸ್ವಂತ ಗಣಿಯ ಅದಿರಿಲ್ಲದೆ, ಸಾಕಷ್ಟು ಹೊಸ ಬಂಡವಾಳವಿಲ್ಲದೆ ಸೊರಗಿದುದರ ಮೇಲೆ ನಷ್ಟದ ಅಪರಾಧವನ್ನು ಹೊರಿಸಿ, 2023ರ ಜನವರಿಯಲ್ಲಿ ಮುಚ್ಚುವ ನಿರ್ಣಯವನ್ನು ಹೊರಡಿಸಲಾಯಿತು. ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಕೆಲಸವು ಅಂಶತಃ ಮರಳಿದುದು ಸಂತೋಷವೇ ಸರಿ. ಆದರೆ ಅನಿಶ್ಚಯವು ತೊಲಗಿಲ್ಲ.

ಪ್ರಜೆಗಳ ಹಣವನ್ನು ನಷ್ಟಕ್ಕೆ ಸುರಿಯಬಾರದೆಂಬ ವಾದವು ಹುರುಳಿಲ್ಲದ್ದಲ್ಲ. ಆದರೆ ಆ ವಾದವನ್ನು ಮುಂದಿಡುವವರು ಕಾರ್ಖಾನೆಯ ಗೇಟಿನೊಳಗಿನ ನಷ್ಟವನ್ನು ಮಾತ್ರ ಎಣಿಸುತ್ತಾರಲ್ಲದೆ, ನಿವೃತ್ತಿಯ ಸೌಲಭ್ಯಗಳಿಲ್ಲದೆ ಹೊರಬೀಳುವ ಗುತ್ತಿಗೆ ಕಾರ್ಮಿಕನನ್ನಾಗಲಿ, ಬಿಡಿಭಾಗಗಳನ್ನು ಕಡೆದುಕೊಟ್ಟು ಬದುಕುವ ಲೇತ್ ಅಂಗಡಿಯನ್ನಾಗಲಿ, ಸಂಬಳದ ದಿನವನ್ನೇ ನಂಬಿ ಸಾಲ ಕೊಡುವ ದಿನಸಿಯವನನ್ನಾಗಲಿ, ಬೆಂಗಳೂರಿನ ರೈಲು ಹತ್ತುವ ತರುಣರನ್ನಾಗಲಿ ಎಣಿಸುವುದಿಲ್ಲ. ಕುಲುಮೆಯ ಮುಂದೆ ತಂದೆಯಿಂದ ಮಗನು ಕಲಿತ ವಿದ್ಯೆಯು ಒಂದು ತಲೆಮಾರು ಚದುರಿತೆಂದರೆ, ಯಾವ ಅನುದಾನದಿಂದಲೂ ಅದನ್ನು ಮರಳಿ ಕೊಳ್ಳಲಾಗದು. ಇದ್ದಿಲಿಗಾಗಿ ಮಲೆನಾಡು ತನ್ನ ಕಾಡನ್ನು ತೆತ್ತು ಗಳಿಸಿದ ವಿದ್ಯೆಯದು. ಆ ಋಣವೂ ನಮ್ಮ ಮೇಲಿದೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟು: ಕಾರ್ಖಾನೆಗೆ ಮೀಸಲಾದ ಅದಿರು ಗಣಿಯೊಂದನ್ನು ಕಾಲಮಿತಿಯೊಳಗೆ ಒದಗಿಸಬೇಕು; ಅದರ ಭವಿಷ್ಯವನ್ನು ಕುರಿತ ಯಾವ ನಿರ್ಣಯವೂ ಕರ್ನಾಟಕದ ವಿಧಾನಮಂಡಲದಲ್ಲಿ ಚರ್ಚೆಯಾಗದೆ ಜಾರಿಯಾಗಕೂಡದು; ಒಂದು ವೇಳೆ ಮುಚ್ಚುವುದು ಅನಿವಾರ್ಯವೆಂದು ಸಿದ್ಧವಾದರೂ, ಕಾರ್ಖಾನೆಯ ಭೂಮಿಯು ಈ ಊರಿನಲ್ಲೇ ಹೊಸ ಉದ್ಯಮಕ್ಕೆ ಸಲ್ಲಬೇಕು, ಗುತ್ತಿಗೆ ಕಾರ್ಮಿಕರಿಗೆ ಅಲ್ಲಿ ಮೊದಲ ಹಕ್ಕಿರಬೇಕು. ಮತ ಯಾಚಿಸಿ ಮನೆಬಾಗಿಲಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯಿಂದಲೂ ಈ ಮೂರಕ್ಕೆ ಲಿಖಿತ ಉತ್ತರವನ್ನು ಕೇಳಿ ಪಡೆಯಿರಿ.