ಜನಸಾಗರದೆದುರು ಒಂದು ಗಿಟಾರು

ಹಾಡುವವರು ಕಚೇರಿಯ ಅರ್ಧವನ್ನು ಮಾತ್ರ ಕೊಡಬಲ್ಲರು. ಉಳಿದರ್ಧವನ್ನು ಕೇಳುವವರು ತರಬೇಕು. ನಮ್ಮ ಕಾವ್ಯಮೀಮಾಂಸಕರು ಕವಿಯಷ್ಟೇ ಗೌರವದಿಂದ ‘ಸಹೃದಯ’ನನ್ನೂ ನೆನೆದುದು ಸುಮ್ಮನೆ ಅಲ್ಲ. ಪಕ್ಕವಾದ್ಯಗಳು ನಾಲ್ಕಾರು ಇದ್ದಲ್ಲಿ ಸಭೆಯ ಗದ್ದಲ ಹೇಗೋ ಮುಚ್ಚಿಹೋದೀತು. ಆದರೆ ಒಂಟಿ ಕಂಠ, ಕೈಯಲ್ಲೊಂದು ವಾದ್ಯ, ಮೇಲೆ ಬಟ್ಟಬಯಲಿನ ಆಕಾಶ ಎಂದಾದಾಗ ಸಭೆಯ ಮೌನವೇ ಪಕ್ಕವಾದ್ಯ. ಸಭೆ ಆ ಮೌನವನ್ನು ಕೊಡದೆ ಹೋದರೆ ಏನಾದೀತು? 1970ರ ಆಗಸ್ಟ್ 29ರಂದು ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು.

ಇಂಗ್ಲಿಷ್ ಕಾವ್ಯವನ್ನು ಓದಿದವರಿಗೆ ಆ ದ್ವೀಪ ಹೊಸದಲ್ಲ. ಕವಿ ಟೆನಿಸನ್ ಬಹುಕಾಲ ವಾಸವಾಗಿದ್ದುದು ಅಲ್ಲಿಯೇ. ಆತ ಅಡ್ಡಾಡುತ್ತಿದ್ದ ಗುಡ್ಡಕ್ಕೆ ಇಂದಿಗೂ ಆತನದೇ ಹೆಸರು. ಅಲ್ಲಿಂದ ಅನತಿದೂರದ ಆಫ್ಟನ್ ಡೌನ್ ಎಂಬ ಇಳಿಜಾರಿನ ಬುಡದಲ್ಲಿ ಆ ವರ್ಷ ಐದು ದಿನಗಳ ಸಂಗೀತೋತ್ಸವ ಏರ್ಪಟ್ಟಿತ್ತು. ದ್ವೀಪದ ನಿವಾಸಿಗಳು ಲಕ್ಷದ ಆಸುಪಾಸು. ಬಂದು ನೆರೆದವರು ಆರು ಲಕ್ಷವೆಂದು ಒಂದು ಅಂದಾಜು. ಅಷ್ಟೊಂದು ಇರಲಿಲ್ಲವೆಂದು ವಾದಿಸುವವರೂ ಉಂಟು. ಪ್ರವೇಶಕ್ಕೆ ಮೂರು ಪೌಂಡು, ಸುತ್ತಲೂ ಬೇಲಿ. ಹಣ ತೆತ್ತವರು ಬೇಲಿಯ ಒಳಗೆ. ತೆರದವರು ಗುಡ್ಡದ ಮೇಲೆ. ಸಂಗೀತಕ್ಕೆ ಬೆಲೆ ಕಟ್ಟಬಾರದೆಂಬ ಕೂಗು ಮೊದಲ ದಿನದಿಂದಲೇ ಎದ್ದಿತ್ತು. ಸಿಟ್ಟು ಸಭೆಯ ತುಂಬ ಹೊಗೆಯಾಡುತ್ತಿತ್ತು.

ಇಂತಹ ಸಭೆಯೆದುರಿಗೆ ಶನಿವಾರ ಹಗಲಿನಲ್ಲಿ ಹಳದಿ ನಿಲುವಂಗಿಯುಟ್ಟ ಜೋನಿ ಮಿಚೆಲ್ ಒಬ್ಬರೇ ಬಂದು ನಿಂತರು. ಕೆನಡಾ ದೇಶದವರು, ವಯಸ್ಸು 26. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಎಡಗೈಯ ಬಲ ಕುಂದಿದ್ದಿತು. ಎಲ್ಲರಂತೆ ತಂತಿ ಒತ್ತುವುದು ಕಷ್ಟವಾದುದರಿಂದ ಗಿಟಾರಿನ ಶ್ರುತಿಯನ್ನೇ ತಮ್ಮ ಕೈಗೆ ಒಗ್ಗುವಂತೆ ಬಗೆಬಗೆಯಾಗಿ ಬದಲಿಸಿಕೊಂಡವರು ಆಕೆ. ಕೊರತೆಯೇ ಹೀಗೆ ಆಕೆಯ ಶೈಲಿಯಾಯಿತು. ಆದರೆ ಅಷ್ಟು ನವುರಾದ ನಾದಕ್ಕೆ ಅಂದಿನ ಸಭೆ ಸಿದ್ಧವಾಗಿರಲಿಲ್ಲ. ಮುಂದಿನ ಸಾಲುಗಳಲ್ಲಿ ಗುಲ್ಲೆದ್ದು ಹಾಡು ತಡವರಿಸಿತು. ಆಕೆ ಪಿಯಾನೋದ ಮುಂದೆ ಕುಳಿತು ‘ವುಡ್‌ಸ್ಟಾಕ್’ ಹಾಡಿದರು.

ಆ ಹಾಡಿನ ಹಿನ್ನೆಲೆಯೇ ಒಂದು ವಿನೋದ. 1969ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಡೆದ ಆ ಹೆಸರಿನ ಮಹೋತ್ಸವಕ್ಕೆ ಆಕೆ ಹೋಗಿರಲೇ ಇಲ್ಲ. ಮರುದಿನದ ದೂರದರ್ಶನ ಕಾರ್ಯಕ್ರಮ ತಪ್ಪೀತೆಂದು ನ್ಯೂಯಾರ್ಕಿನಲ್ಲೇ ಉಳಿದು, ವಾರ್ತೆಗಳನ್ನು ನೋಡಿಯೇ ಹಾಡು ಕಟ್ಟಿದ್ದರು. ಕಾಣದ ಸಭೆಯ ಸೌಹಾರ್ದವನ್ನು ಕುರಿತ ಆ ಹಾಡು ಮುಗಿಯುತ್ತಲೂ, ವೇದಿಕೆಗೇರಿದ್ದ ಒಬ್ಬಾತ ಮೈಕನ್ನು ಹಿಡಿದು ಜನರಿಗೆ ಏನನ್ನೋ ಸಾರತೊಡಗಿದ. ಕಾರ್ಯಕರ್ತರು ಅವನನ್ನು ಎಳೆದೊಯ್ದರು. ಸಭೆ ಅವರ ಮೇಲೆಯೇ ಕೂಗಾಡಿತು.

ಗಾಯಕಿ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕಣ್ಣೀರನ್ನು ತಡೆದುಕೊಳ್ಳುತ್ತ, ನಡುಗುವ ದನಿಯಲ್ಲಿ ಸಭೆಯನ್ನು ನೇರವಾಗಿ ಮಾತನಾಡಿಸಿದರು. ಹಾಡುವವರಿಗೂ ಮನಸ್ಸೆಂಬುದುಂಟು, ನೀವು ಊರು ನೋಡಲು ಬಂದ ಪ್ರವಾಸಿಗಳಂತೆ ವರ್ತಿಸುತ್ತಿದ್ದೀರಿ, ಒಂದಿಷ್ಟು ಗೌರವ ಕೊಡಿ ಎಂಬುದು ಆ ಮಾತಿನ ತಾತ್ಪರ್ಯ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಅಷ್ಟು ದೊಡ್ಡ ಸಭೆ ಮೆಲ್ಲಮೆಲ್ಲನೆ ಅಡಗಿತು. ಬಳಿಕ ತಂತಿವಾದ್ಯ, ಗಿಟಾರುಗಳೊಡನೆ ಹಾಡು ಮುಂದುವರಿಯಿತು. ‘ಬೋತ್ ಸೈಡ್ಸ್ ನೌ’ ಹಾಡಿದ ಹೊತ್ತಿಗೆ ಜನ ಮನಸಾರೆ ಕರತಾಡನ ಮಾಡಿದರು.

ಅಲ್ಲಿದ್ದ ಅಭಿಮಾನಿಗಳು ಇದನ್ನು ಬಹುಕಾಲ ನೆನಪಿನಲ್ಲಿಯೇ ಕಾಪಾಡಿಕೊಳ್ಳಬೇಕಾಯಿತು. ಮರ್ರಿ ಲರ್ನರ್ ಎಂಬ ನಿರ್ದೇಶಕರು ಉತ್ಸವವನ್ನು ಚಿತ್ರೀಕರಿಸಿದ್ದರೂ, ಚಿತ್ರ ತೆರೆಕಂಡದ್ದು 1990ರ ದಶಕದಲ್ಲಿ; ಜೋನಿಯವರ ಕಚೇರಿಯೇ ಪ್ರತ್ಯೇಕ ಚಿತ್ರವಾಗಿ ಹೊರಬಂದದ್ದು 2018ರಲ್ಲಿ. ಇಪ್ಪತ್ತರಲ್ಲಿ ಕೇಳಿದವರು ಎಪ್ಪತ್ತರ ಸಮೀಪದಲ್ಲಿ ತಮ್ಮ ನೆನಪನ್ನು ಚಿತ್ರದೊಡನೆ ಹೋಲಿಸಿ ನೋಡುವಂತಾಯಿತು. ನೆನಪಿಗೂ ಕುಳಿತ ಜಾಗಕ್ಕೂ ಬಿಡಿಸಲಾರದ ನಂಟು. ವೇದಿಕೆಯ ಬಳಿಯವರಿಗೆ ಕಂಡ ಕಣ್ಣೀರು ಗುಡ್ಡದ ಮೇಲಿನವರಿಗೆ ಕಾಣುವುದೆಂತು? ಅವರಿಗೆ ಗಾಳಿ ತಂದ ದನಿಯೇ ಸರ್ವಸ್ವ. ಇನ್ನೊಂದು ಮಾತು: ಸಂಗೀತದ ನೆನಪಿನಲ್ಲಿ ಸಾಮಾನ್ಯವಾಗಿ ಸಂತೋಷವೇ ಹೆಚ್ಚು. ಈ ನೆನಪಿನಲ್ಲಿ ಮಾತ್ರ ಒಂದಿಷ್ಟು ನಾಚಿಕೆಗೂ ಪಾಲಿದೆ. ಕೂಗಿದವರೂ ಆ ಜನರೇ, ಕರಗಿದವರೂ ಆ ಜನರೇ ಅಲ್ಲವೆ?

ಉತ್ಸವದ ಕೊನೆಯ ದಿನ ಬೇಲಿ ತೆರೆಯಿತು, ಪ್ರವೇಶ ಉಚಿತವಾಯಿತು. 1971ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ದ್ವೀಪದಲ್ಲಿ ಐದು ಸಾವಿರಕ್ಕೆ ಮೀರಿದ ಜನ ರಾತ್ರಿ ನೆರೆಯಬೇಕಾದರೆ ಪರವಾನಗಿ ಬೇಕೆಂದು ಕಾಯಿದೆ ಮಾಡಿತು. ಅಲ್ಲಿ ಮತ್ತೆ ಉತ್ಸವ ನಡೆದದ್ದು 2002ರಲ್ಲಿ. ಕಾಯಿದೆ ಜನರನ್ನು ಎಣಿಸಬಲ್ಲದು, ಸಾಲಾಗಿ ನಿಲ್ಲಿಸಬಲ್ಲದು, ಕೇಳುವುದನ್ನು ಕಲಿಸಲಾರದು.

2015ರಲ್ಲಿ ಜೋನಿ ಮಿಚೆಲ್ಲರ ಮೆದುಳಿನ ರಕ್ತನಾಳಕ್ಕೆ ಆಘಾತವಾಯಿತು. ಕಲಿತ ಕೈಯೇ ವಿದ್ಯೆಯನ್ನು ಮರೆಯಿತು. ಬೆರಳನ್ನು ಎಲ್ಲಿಡಬೇಕೆಂಬುದನ್ನು ತಮ್ಮವೇ ಹಳೆಯ ಚಿತ್ರಗಳನ್ನು ನೋಡಿ ಮತ್ತೆ ಕಲಿತರು. 2022ರ ಜುಲೈ 24ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, 78ರ ಆಕೆ ವೇದಿಕೆಗೆ ಬಂದರು. 1969ರ ಬಳಿಕ ಅಲ್ಲಿಗೆ ಅದೇ ಮೊದಲು. ಸುತ್ತ ಗೆಳೆಯರ ಬಳಗವಿತ್ತು. ಆದರೂ ಒಮ್ಮೆ ಆಕೆ ಗಿಟಾರು ತೊಟ್ಟು ಹಾಡಿಲ್ಲದೆ ಬರಿಯ ತಂತಿಯನ್ನು ನುಡಿಸಿದರು. ‘ಬೋತ್ ಸೈಡ್ಸ್ ನೌ’ ಹಾಡುವಾಗ ಜೊತೆಗಿದ್ದ ಕಲಾವಿದರೇ ಅತ್ತರು. ಅಂದು ಗೌರವವನ್ನು ಯಾರೂ ಬೇಡಬೇಕಾಗಲಿಲ್ಲ.

1970ರಲ್ಲಿ ಸಭೆಯಿಂದ ಬೇಡಿ ಪಡೆದ ಮೌನ 2022ರಲ್ಲಿ ತಾನಾಗಿ ಬಂದಿತು. ಅವೆರಡರ ನಡುವೆ ಒಂದು ತಲೆಮಾರು ಕೇಳಲು ಕಲಿತಿತ್ತು. ಹಾಡಿದವರ ಹೆಸರು ಗೋಡೆಯ ಮೇಲಿನ ಚಿತ್ರಪಟದಲ್ಲಿ ಉಳಿಯುತ್ತದೆ. ಸುಮ್ಮನೆ ಕುಳಿತು ಕೇಳಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಆದರೂ ಆ ಕಚೇರಿಯಲ್ಲಿ ಅರ್ಧ ಅವರದೇ.