ಕುರೂಪಿ ರಾಕ್ಷಸ, ಕುಳ್ಳ ದೊರೆ

ಕೋಟೆಯಲ್ಲಿ ಸೆರೆಯಾದ ರಾಜಕುಮಾರಿಯನ್ನು ಬಿಡಿಸಿ ತರುವವನು ರಾಜಕುಮಾರನೇ ಆಗಿರಬೇಕು, ಚೆಲುವನೂ ಆಗಿರಬೇಕು. ಅಜ್ಜಿಕಥೆಗಳ ಈ ಕಟ್ಟಳೆಯನ್ನು ಗೇಲಿ ಮಾಡಿದ ಅಮೆರಿಕದ ಅನಿಮೇಷನ್ ಚಿತ್ರ ‘ಶ್ರೆಕ್’ ತೆರೆಗೆ ಬಂದದ್ದು 2001ರಲ್ಲಿ. ಹಸಿರು ಮೈಯ, ತುತ್ತೂರಿ ಕಿವಿಯ, ಜೌಗು ನೆಲದಲ್ಲಿ ಒಂಟಿಯಾಗಿ ಬದುಕುವ ರಾಕ್ಷಸ ಇದರ ನಾಯಕ. ಬಾಯಿ ಮುಚ್ಚದ ಕತ್ತೆ ಅವನ ಸಂಗಾತಿ. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆಂದು 2002ರಲ್ಲಿ ಮೊಟ್ಟಮೊದಲ ಬಾರಿಗೆ ಆಸ್ಕರ್ ಕೊಟ್ಟಾಗ ಅದು ಸಂದದ್ದು ಇದಕ್ಕೇ. ಅಂದು ಇದನ್ನು ನೋಡಿ ನಕ್ಕ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ತಂದೆ ತಾಯಿಯರು.

ಚಿತ್ರಕ್ಕೆ ಮೂಲ, ವಿಲಿಯಂ ಸ್ಟೈಗ್ 1990ರಲ್ಲಿ ಪ್ರಕಟಿಸಿದ ತೆಳ್ಳನೆಯ ಚಿತ್ರಪುಸ್ತಕ. ವ್ಯಂಗ್ಯಚಿತ್ರಕಾರನಾಗಿದ್ದ ಸ್ಟೈಗ್ ಮಕ್ಕಳಿಗಾಗಿ ಬರೆಯಲು ತೊಡಗಿದ್ದು ಅರವತ್ತರ ಹೊಸ್ತಿಲಲ್ಲಿ. ಈ ಪುಸ್ತಕ ಬಂದಾಗ ಎಂಬತ್ತು ದಾಟಿತ್ತು. ಕನ್ನಡಿಗಳ ಕೋಣೆಯೊಳಗೆ ಹೊಕ್ಕ ಶ್ರೆಕ್ ಸುತ್ತಲೂ ಕಂಡ ಭೀಕರ ಮುಖಗಳಿಗೆ ಮೊದಲು ಬೆಚ್ಚುತ್ತಾನೆ. ಎಲ್ಲವೂ ತನ್ನವೇ ಎಂದು ತಿಳಿದೊಡನೆ ಹಿರಿಹಿರಿ ಹಿಗ್ಗುತ್ತಾನೆ. ಪುಸ್ತಕದ ರಾಜಕುಮಾರಿಗೆ ಶಾಪವಿಲ್ಲ, ಅವಳು ಮೊದಲಿನಿಂದಲೂ ಕುರೂಪಿಯೇ. ಹಗಲು ಚೆಲುವೆ, ರಾತ್ರಿ ರಾಕ್ಷಸಿ ಎಂಬ ಕಟ್ಟು ಚಿತ್ರದವರದು.

ವಿಜ್ಞಾನದ ವಿದ್ಯಾರ್ಥಿಗಳು ಚಿತ್ರದಲ್ಲಿ ಶುಂಠಿ ಬಿಸ್ಕತ್ತಿನ ಗೊಂಬೆಯನ್ನು ಹಾಲಿನಲ್ಲಿ ಅದ್ದಿ ಹಿಂಸಿಸುವ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು. ಹಾಲು, ಕೆಸರು, ನೀರು ಇವುಗಳ ಸ್ನಿಗ್ಧತೆ ಬೇರೆ ಬೇರೆ. ಕೈಯಲ್ಲಿ ಬರೆಯುವ ಕಲಾವಿದ ಇದನ್ನು ಕಣ್ಣಂದಾಜಿನಲ್ಲಿ ಸಾಧಿಸುತ್ತಾನೆ. ಇಲ್ಲಿ ದ್ರವಚಲನೆಯ ಸಮೀಕರಣಗಳನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿಸಿದರು. ಮುಖಗಳನ್ನೂ ತಲೆಬುರುಡೆ, ಸ್ನಾಯು, ಚರ್ಮ ಎಂದು ಪದರ ಪದರವಾಗಿ ಕಟ್ಟಿದರು.

ಇದೇ ಕಥೆ ಸಂಗೀತ ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 2008ರ ಡಿಸೆಂಬರಿನಿಂದ 2010ರ ಜನವರಿಯವರೆಗೆ 441 ಪ್ರದರ್ಶನ ಕಂಡಿತು. ಡೇವಿಡ್ ಲಿಂಡ್ಸೆ-ಅಬೈರ್ ಅವರ ಮಾತು ಮತ್ತು ಹಾಡು, ಜನೀನ್ ಟೆಸೋರಿ ಅವರ ಸಂಗೀತ. ರಂಗದ ಮೇಲೆ ಕಂಪ್ಯೂಟರಿನ ಹಾಲೂ ಇಲ್ಲ, ಕೆಸರೂ ಇಲ್ಲ. ಬಣ್ಣ ಬಳಿದುಕೊಂಡು, ದಪ್ಪ ವೇಷ ತೊಟ್ಟು ಬೆವರುವ ನಟನಿದ್ದಾನೆ. ಚಿತ್ರವನ್ನು ಮೆಚ್ಚಿದ ಕೆಲವರಿಗೆ ನಾಟಕ ಉದ್ದವೆನಿಸಿತು, ಹಾಡು ಹೆಚ್ಚೆನಿಸಿತು. ಆದರೆ ಚಿತ್ರದಲ್ಲಿಲ್ಲದ ಎರಡು ಸಂಗತಿ ಇಲ್ಲಿವೆ. ಏಳು ವರ್ಷ ತುಂಬಿದ ಶ್ರೆಕ್‌ನನ್ನು ಹೆತ್ತವರೇ ಮನೆಯಿಂದ ಕಳಿಸಿಬಿಡುತ್ತಾರೆ. ಫಿಯೋನಾ ಬಾಲೆಯಾಗಿ, ಹರೆಯದವಳಾಗಿ, ಯುವತಿಯಾಗಿ ಅದೇ ಗೋಪುರದಲ್ಲಿ ಕಾಯುವುದನ್ನು ಮೂವರು ನಟಿಯರು ಒಂದೇ ಹಾಡಿನಲ್ಲಿ ಕಾಣಿಸುತ್ತಾರೆ. ಒಂಟಿತನ ಎಂದರೇನೆಂದು ಸಭಿಕರಿಗೆ ಆಗ ಅರ್ಥವಾಗುತ್ತದೆ.

ಇನ್ನು ದೊರೆ ಫಾರ್ಕ್ವಾಡ್‌ನ ವಿಷಯ. ರೂಪ ನೋಡಿ ಯಾರನ್ನೂ ಅಳೆಯಬಾರದು ಎನ್ನುವ ಚಿತ್ರವೇ ಈ ಕುಳ್ಳನ ಎತ್ತರವನ್ನು ಹಿಡಿದು ಮತ್ತೆ ಮತ್ತೆ ನಗಿಸುತ್ತದೆ. ಹಂಗಿಸುವವರಲ್ಲಿ ಶ್ರೆಕ್ ಕೂಡ ಒಬ್ಬ! ಅಭಿಮಾನಿಗಳೂ ಎತ್ತಿರುವ ಆಕ್ಷೇಪ ಇದು, ನ್ಯಾಯವಾದದ್ದೂ ಹೌದು. ದೊರೆ ಕ್ರೂರಿಯಲ್ಲವೇ ಎಂದು ವಾದಿಸುವವರುಂಟು. ಕ್ರೌರ್ಯಕ್ಕೆ ನಗಲಿ, ಅಂಗುಲಗಳಿಗೇಕೆ? ತರಗತಿಯಲ್ಲಿ ‘ಕುಳ್ಳ’ ಎಂಬ ಅಡ್ಡಹೆಸರು ಹೊತ್ತು ಕೂತ ಹುಡುಗ ಆ ದೃಶ್ಯಗಳಲ್ಲಿ ಯಾರ ಜೊತೆ ಸೇರಿ ನಗಬೇಕು?

ನಾಟಕ ಅವನಿಗೂ ಒಂದು ಬಾಲ್ಯ ಕೊಟ್ಟಿತು. ಅವನ ತಂದೆ ಏಳು ಕುಬ್ಜರಲ್ಲಿ ಒಬ್ಬನಾದ ಸಿಡುಕ. ಹಾಗೆಂದು ತಮಾಷೆ ನಿಲ್ಲಲಿಲ್ಲ. ಎತ್ತರದ ನಟ ಕ್ರಿಸ್ಟೋಫರ್ ಸೀಬರ್ ಮೊಣಕಾಲೂರಿ, ಮುಂದೆ ಪುಟ್ಟ ಸುಳ್ಳು ಕಾಲುಗಳನ್ನು ಇಳಿಬಿಟ್ಟುಕೊಂಡು ಕುಣಿದರು. ಜನ ನಕ್ಕದ್ದು ಆ ಕಾಲುಗಳಿಗೇ.

ಶಾಲಾ ಮಕ್ಕಳು ಆಡಲೆಂದೇ ನಾಟಕದ ಸುಮಾರು ಒಂದು ಗಂಟೆಯ ರೂಪವೂ ಇದೆ. ಅದನ್ನು ಆಡಿಸುವ ಮೇಷ್ಟರು ದೊರೆಯ ಪಾತ್ರಕ್ಕೆ ಮುಂದಿನ ಬೆಂಚಿನ ಪುಟ್ಟ ಹುಡುಗನನ್ನು ಕರೆಯುವ ಮೊದಲು, ಹಿಂದಿನ ಬೆಂಚಿನ ಉದ್ದನೆಯವನನ್ನು ಹತ್ತು ನಿಮಿಷ ಮೊಣಕಾಲ ಮೇಲೆ ನಡೆಸಿ ನೋಡಬಹುದು.