ಟ್ರಂಕಿನೊಳಗಿನ ದಲಾಲ್ ಸ್ಟ್ರೀಟ್

"ಅಗ್ಗಕ್ಕೆ ಸಿಗೋ ಒಳ್ಳೇ ಶೇರು ಯಾವುದು ಮಾರಾಯ್ರೆ?" ಅಂತ ಡೊಂಬಿವಲಿ ಲೋಕಲಲ್ಲಿ ಕೇಳೋರಿಗೆ ನನ್ನದು ಒಂದೇ ಉತ್ತರ: ಮೊದಲು ಮನೆಯ ಟ್ರಂಕು ತೆಗೆದು ನೋಡಿ. ಮುಂಬೈಗೆ ಬಂದ ನಮ್ಮ ಕರಾವಳಿಯವರಲ್ಲಿ ಎಷ್ಟೋ ಮಂದಿ 'ಊರಿನ ಬ್ಯಾಂಕು' ಅನ್ನೋ ಅಭಿಮಾನಕ್ಕೇ ಸಿಂಡಿಕೇಟ್, ವಿಜಯಾ ಶೇರು ಕೊಂಡಿದ್ದರು.

ಬ್ಯಾಂಕೇ ಹೋಯ್ತು, ಇನ್ನು ಶೇರೆಲ್ಲಿ ಅಂತೀರಾ? ವಿಜಯಾದ 1000ಕ್ಕೆ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದ 402 ಶೇರು. ಸಿಂಡಿಕೇಟಿನ 1000ಕ್ಕೆ 2020ರಲ್ಲಿ ಕೆನರಾದ 158. 2024ರಲ್ಲಿ ಒಂದು ಐದಾಗಿ ಅದು 790!

ಅಪ್ಪ ತೀರಿಕೊಂಡಿದ್ದರೂ ವಾರಸುದಾರರಿಗೆ ಹಕ್ಕಿದೆ. ಮರಣ ಪ್ರಮಾಣಪತ್ರ, ಕೆವೈಸಿ, ಡಿಮ್ಯಾಟ್... ಓಡಾಟ ಉಂಟು, ನಿಜ. ಆದರೂ ಟಿವಿಯವರ ಟಿಪ್ಸ್ ನಂಬಿ ಕೊಳ್ಳೋದಕ್ಕಿಂತ ವಾಸಿ. ಶೇರುಪತ್ರ ಸಿಗದಿದ್ರೆ ಹಳೇ ಡಿವಿಡೆಂಡ್ ಕಾಗದದಲ್ಲಿರೋ ಫೋಲಿಯೋ ನಂಬರ್ ಹಿಡಿದು ರಿಜಿಸ್ಟ್ರಾರ್‌ಗೆ ಬರೀರಿ.